ಒಗರು

ಫೆಬ್ರವರಿ 9, 1986

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಎರಡು ತಿಂಗಳಿಂದ ಕಾಗದವಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ನಾನು ಬರೆಯಬೇಕಾಗಿರುವುದೂ ಮುಖದ ವಿಷಯವೇ.

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಬಲಗೆನ್ನೆಗೆ ಬ್ಲೇಡು ತಾಗಿಸಿದ್ದಷ್ಟೇ, ಕಿವಿಯಿಂದ ದವಡೆಯವರೆಗೆ ಯಾರೋ ಕರೆಂಟಿನ ತಂತಿ ಎಳೆದ ಹಾಗಾಯಿತು. ಹತ್ತು ಕ್ಷಣ ಇರಬಹುದು. ಕಣ್ಣು ಬಿಟ್ಟಾಗ ಬಚ್ಚಲ ನೆಲದ ಮೇಲಿದ್ದೆ. ಹಲ್ಲಿನದಿರಬೇಕೆಂದು ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಆ ಪುಣ್ಯಾತ್ಮ ಗಟ್ಟಿಮುಟ್ಟಾದ ಎರಡು ದವಡೆಹಲ್ಲು ಕಿತ್ತು ಕೈಗಿಟ್ಟ. ಹಲ್ಲು ಹೋದವು, ನೋವು ಹೋಗಲಿಲ್ಲ. ಈಗ ದೊಡ್ಡ ಆಸ್ಪತ್ರೆಯ ನರದ ಡಾಕ್ಟರು ನೋಡಿದ್ದಾರೆ. ಮುಖದ ನರದ ಕಾಯಿಲೆಯಂತೆ. ಸಾಯಿಸುವುದಿಲ್ಲ, ಬಿಡುವುದೂ ಇಲ್ಲ. ಗಾಳಿ ಬೀಸಿದರೆ, ಹಲ್ಲುಜ್ಜಿದರೆ, ಒಮ್ಮೊಮ್ಮೆ ಬರೀ ಮಾತಾಡಿದರೂ ಬರುತ್ತದೆ.

ನನ್ನ ಕೆಲಸವೋ ನಿನಗೆ ಗೊತ್ತೇ ಇದೆ. ದಿನಕ್ಕೆ ಇನ್ನೂರು ಬಟ್ಟಲು ಚಹಾ. ಪ್ರತಿ ಬಟ್ಟಲಿಂದ ಒಂದು ಚಮಚ ಸೊರ್ರೆಂದು ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ, ಯಾವ ತೋಟದ ಎಲೆ ಯಾವುದಕ್ಕೆ ಬೆರೆಯುತ್ತದೆ ಎಂದು ಹೇಳಬೇಕು. ಇನ್ನೂರರಲ್ಲಿ ಹತ್ತು ಸಲವಾದರೂ ಆ ತಂತಿ ಎಳೆಯುತ್ತದೆ.

ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಮಾತ್ರೆ ನುಂಗುತ್ತ ಬಂದಷ್ಟು ನೋವು ತಡೆದುಕೊಳ್ಳುವುದು ಒಂದು. ಕೆನ್ನೆಯ ಮೂಲಕ ಸೂಜಿ ಹಾಯಿಸಿ ನರದ ಬುಡವನ್ನು ಸುಡುವುದು ಇನ್ನೊಂದು. ಸುಟ್ಟರೆ ನೋವು ಹೋಗುತ್ತದೆ, ಜೊತೆಗೆ ಬಲಗೆನ್ನೆ, ತುಟಿ, ಅರ್ಧ ನಾಲಿಗೆ ಜೀವಮಾನವಿಡೀ ಮರಗಟ್ಟುತ್ತದೆ. ನೀನು ಮೂವತ್ತನಾಲ್ಕು ವರ್ಷ ಆಪರೇಷನ್ ಕೋಣೆಯಲ್ಲಿ ನಿಂತವಳು. ಊರಿಗೆಲ್ಲ ಸಿಸ್ಟರ್, ನನಗೊಬ್ಬನಿಗೇ ಅಕ್ಕ. ಏನು ಮಾಡಲಿ ಹೇಳು.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ಅಮ್ಮ ಹೋದಾಗ ನನಗೆ ಏಳು ವರ್ಷ, ನನಗೇನು ಗೊತ್ತು? ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ 17, 1986

ಪ್ರೀತಿಯ ನಾಲಿಗೆಪ್ಪನಿಗೆ ಆಶೀರ್ವಾದಗಳು.

ಸುಡಿಸಿಕೋ. ಇಷ್ಟೇ ಬರೆದು ಮುಗಿಸಬಹುದಿತ್ತು, ಆದರೆ ನೀನು ಒಂದು ಮಾತಿಗೆ ಕೇಳುವ ಪೈಕಿಯಲ್ಲ.

ಆ ಸೂಜಿಯ ಕೆಲಸ ನಮ್ಮಲ್ಲೂ ಮಾಡುತ್ತಾರೆ. ಅರ್ಧ ಗಂಟೆ. ಬರುವಾಗ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು ಬರುತ್ತಾರೆ. ಹೋಗುವಾಗ ಬಾಯಿ ತುಂಬ ಮಾತಾಡುತ್ತ ಹೋಗುತ್ತಾರೆ. ಮರಗಟ್ಟಿದ್ದು ಒಂದು ತಿಂಗಳಿಗೆ ಅಭ್ಯಾಸವಾಗುತ್ತದೆ. ಈ ನೋವು ಮಾತ್ರ ಯಾವನಿಗೂ ಅಭ್ಯಾಸವಾದದ್ದನ್ನು ನಾನು ನೋಡಿಲ್ಲ. ನೋವಿಲ್ಲದೆ ಇರುವುದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ ಮಾರಾಯ. ಉಳಿದದ್ದೆಲ್ಲ ಮೇಲಿನ ಒಗ್ಗರಣೆ.

ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರಿಗೆ ಹಾಗೇ ಹೇಳು.

ತಡ ಮಾಡಬೇಡ. ನಿನ್ನ ಹೆಂಡತಿಗೂ ಬೇರೆ ಕಾಗದ ಬರೆಯುತ್ತಿದ್ದೇನೆ.

ಅಕ್ಕ


ಮಾರ್ಚ್ 4, 1986

ಪ್ರೀತಿಯ ಅಕ್ಕ,

ಮಾತ್ರೆ ಶುರು ಮಾಡಿದ್ದೇನೆ. ತಲೆಯೊಳಗೆ ಹತ್ತಿ ತುರುಕಿದ ಹಾಗಿದೆ. ಮೊನ್ನೆ ಮಗಳ ಶಾಲೆಗೆ ಹೋಗುವ ದಾರಿಯನ್ನೇ ಮರೆತೆ. ‘ಅಪ್ಪ, ನಾವು ಮೂರು ಸಲ ಇದೇ ಪೆಟ್ರೋಲ್ ಬಂಕ್ ನೋಡಿದ್ವಿ’ ಎಂದು ಗುಬ್ಬಿ ನಕ್ಕಳು. ಇದನ್ನೆಲ್ಲ ಸಹಿಸುತ್ತೇನೆ. ಸುಡಿಸಿಕೊಳ್ಳುವುದು ನನ್ನ ಕೈಲಾಗುವುದಿಲ್ಲ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಚಹಾದಲ್ಲಿ ಸಿಹಿ, ಕಹಿ, ಹುಳಿ ಎಲ್ಲ ಆಮೇಲಿನ ಮಾತು. ಚಹಾದ ಪ್ರಾಣ ಇರುವುದು ಒಗರಿನಲ್ಲಿ. ಒಗರು ರುಚಿಯಲ್ಲ ಅಕ್ಕ, ಅದು ಸ್ಪರ್ಶ. ಒಸಡು ಬಿಗಿಯುತ್ತದೆ, ನಾಲಿಗೆಯ ಅಂಚು ಸುಕ್ಕುಗಟ್ಟುತ್ತದೆ, ಆಮೇಲೆ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಎಷ್ಟು ಬಿಗಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎನ್ನುವುದರಲ್ಲೇ ನನ್ನ ಇಪ್ಪತ್ತೆರಡು ವರ್ಷದ ವಿದ್ಯೆ ಇದೆ. ಡಾಕ್ಟರು ಸುಡುತ್ತೇನೆ ಎನ್ನುವುದು ಆ ಸ್ಪರ್ಶದ ನರವನ್ನೇ.

ಕಳೆದ ಮಂಗಳವಾರ ಯಾವುದೋ ಎತ್ತರದ ತೋಟದ ವರ್ಷದ ಮೊದಲ ಎಲೆ ಬಂದಿತ್ತು. ಬಾಯಿಗೆ ಹಾಕಿದೆ. ಹಸಿ ಸೇಬಿನ ಸಿಪ್ಪೆ ಕಚ್ಚಿದ ಹಾಗೆ, ಹಿಂದೆಯೇ ಒದ್ದೆ ಕಲ್ಲಿನ ವಾಸನೆ. ಅದೇ ಹೊತ್ತಿಗೆ ಮುಖದ ತಂತಿ ಎಳೆಯಿತು. ಮೇಜು ಹಿಡಿದುಕೊಂಡು ನಿಂತೆ. ನೋವು ಹೋಯಿತು, ರುಚಿ ಅಲ್ಲೇ ಇತ್ತು, ನನಗಾಗಿ ಕಾದುಕೊಂಡು ನಿಂತ ಹಾಗೆ. ಯಜಮಾನರು ನೋಡಿ ‘ಏನಯ್ಯಾ, ಅಳ್ತಿದೀಯಾ?’ ಅಂದರು. ‘ಹೌದು ಸಾರ್, ತುಂಬಾ ಚೆನ್ನಾಗಿದೆ’ ಅಂದೆ.

ನೋವು ಮರೆತುಹೋಗುತ್ತದೆ ಅಕ್ಕ, ಸುಖ ಉಳಿಯುತ್ತದೆ. ನೀನು ನನ್ನನ್ನು ಕೆರೆಗೆ ಕರೆದುಕೊಂಡು ಹೋದ ದಿನ ನೆನಪಿದೆಯಾ? ಎರಡು ಸಲ ದೋಣಿ ಹತ್ತಿಸಿದೆ. ಬೇಡುವ ಮೊದಲೇ ಕಿತ್ತಳೆ ಐಸ್‌ಕ್ರೀಂ ಕೊಡಿಸಿದೆ. ಇದರಲ್ಲಿ ಉಪ್ಪಿದೆ ಎಂದು ನಾನು ಹಟ ಹಿಡಿದೆ. ಮಾರುವವನು ಪೀಪಾಯಿ ತೆಗೆದು ನೋಡಿದರೆ ಸುತ್ತಲಿನ ಮಂಜುಗಡ್ಡೆಯ ಉಪ್ಪುನೀರು ಒಂದು ತೊಟ್ಟು ಒಳಗೆ ಸೇರಿತ್ತು. ‘ಏನಮ್ಮಾ ಇದು, ಹುಡುಗನ ನಾಲಿಗೆಯೋ ತಕ್ಕಡಿಯೋ’ ಅಂದ. ಅವತ್ತಿನಿಂದ ನಾನು ನಾಲಿಗೆಪ್ಪ. ಅವತ್ತು ಹೊಸ ಚಪ್ಪಲಿ ಕಚ್ಚಿ ಎರಡೂ ಹಿಮ್ಮಡಿ ರಕ್ತವಾಗಿತ್ತು ಎಂದು ನೀನೇ ಆಮೇಲೆ ಹೇಳಿದ್ದು. ನನಗೆ ಆ ಗಾಯದ ನೆನಪೇ ಇಲ್ಲ. ಐಸ್‌ಕ್ರೀಂ ಇವತ್ತಿಗೂ ನಾಲಿಗೆಯ ಮೇಲಿದೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ.

ನಿನ್ನ ತಮ್ಮ


ಮಾರ್ಚ್ 11, 1986

ತಮ್ಮನಿಗೆ,

ನಿನ್ನ ಹೆಂಡತಿಯ ಕಾಗದವೂ ನಿನ್ನದೂ ಒಂದೇ ದಿನ ಬಂದವು. ಮೊದಲು ನಿನ್ನದನ್ನು ಓದಿದೆ. ತಪ್ಪು ಮಾಡಿದೆ.

ಗಣಿತದಲ್ಲಿ ಮೊದಲು ಬಂದೆ ಎಂದು ಗುಬ್ಬಿ ಓಡಿಬಂದು ನಿನ್ನ ಕೆನ್ನೆಗೆ ಮುತ್ತಿಟ್ಟಳಂತೆ. ನೀನು ತಳ್ಳಿದೆಯಂತೆ. ಬಾಗಿಲ ಚಿಲಕ ಬಡಿದು ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕಳೆದ ವಾರ ಕುದಿಯುವ ನೀರಿನ ಪಾತ್ರೆಯನ್ನು ಅಡುಗೆಮನೆಯ ಗೋಡೆಗೆ ಎಸೆದೆಯಂತೆ. ಯಾಕೆ? ಹೆಂಡತಿ ಫ್ಯಾನು ಹಾಕಿದಳು ಎಂದು. ಇದ್ಯಾವುದನ್ನೂ ನನಗೆ ಬರೆಯಲಿಲ್ಲ ನೀನು. ಸೇಬಿನ ಸಿಪ್ಪೆ ಬರೆದೆ.

ಸುಖ ನಿನ್ನದು, ನೋವು ಮನೆಯವರದು. ಒಳ್ಳೆಯ ಪಾಲು ಮಾಡಿದ್ದೀಯ. ನಿನ್ನನ್ನು ಎತ್ತಿ ಆಡಿಸಿದ್ದಕ್ಕೆ ನನಗೆ ಮದುವೆಯಾಗಲಿಲ್ಲ, ಮಕ್ಕಳಾಗಲಿಲ್ಲ. ಅದನ್ನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಅಷ್ಟು ಕಷ್ಟಪಟ್ಟು ಬೆಳೆಸಿದ್ದು ಬರೀ ಒಂದು ನಾಲಿಗೆಯನ್ನೇ ಎಂದು ತಿಳಿದಿದ್ದರೆ ಅನಾಥಾಶ್ರಮಕ್ಕೆ ಬಿಡುತ್ತಿದ್ದೆ.

ಸುಡಿಸಿಕೊಂಡೆ ಎಂದು ನೀನು ಬರೆಯುವವರೆಗೆ ನನ್ನಿಂದ ಕಾಗದ ಬರುವುದಿಲ್ಲ.

ಅಕ್ಕ


ಮೇ 2, 1986

ಅಕ್ಕ,

ಸುಡಿಸಿಕೊಂಡೆ. ಹೋದ ವಾರ. ನೀನು ಹೇಳಿದ ಹಾಗೆ ಅರ್ಧ ಗಂಟೆ. ಸೂಜಿ ಹೋದ ಗುರುತೂ ಉಳಿದಿಲ್ಲ. ಬಲಗಡೆ ಮರಗಟ್ಟಿದೆ, ಅಭ್ಯಾಸವಾಗುತ್ತಿದೆ. ನೋವಿಲ್ಲ. ಮನೆಯಲ್ಲಿ ಎಲ್ಲರೂ ಆರಾಮ.

ಇನ್ನು ಕಾಗದ ಬರೆಯುತ್ತೀಯಲ್ಲ?

ತಮ್ಮ


ಮೇ 9, 1986

ನನ್ನ ಬಂಗಾರ,

ನಿನ್ನ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಹೇಳಿದೆ. ‘ಸಿಸ್ಟರ್ ಇವತ್ತು ಯಾರನ್ನೂ ಬೈದಿಲ್ಲ, ಹುಷಾರಿಲ್ಲವೋ ಏನೋ’ ಎಂದು ಆಯಾ ಹೆದರಿಕೊಂಡಳು. ಕಾಗದ ಇಷ್ಟು ಚುಟುಕಾಗಿರುವುದಕ್ಕೆ ಬೇಸರವಿಲ್ಲ. ಮುಖ ಇನ್ನೂ ಬಿಗಿಯಿರುತ್ತದೆ, ಬಗ್ಗಿ ಬರೆಯುವುದು ಕಷ್ಟ. ನಿನ್ನ ಹೆಂಡತಿ ಆಮೇಲೆ ನಾನು ಬರೆದ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ. ಗಂಡನ ಅಕ್ಕ ಮೂಗು ತೂರಿಸುತ್ತಾಳೆ ಎಂಬ ಸಿಟ್ಟಿರಬೇಕು, ಇರಲಿ ಬಿಡು. ಊಟವಾದ ಮೇಲೆ ಕನ್ನಡಿ ಹಿಡಿದು ಬಾಯೊಳಗೆ ನೋಡಿಕೋ. ಮರಗಟ್ಟಿದ ಕೆನ್ನೆಯನ್ನು ಕಚ್ಚಿಕೊಂಡರೂ ತಿಳಿಯುವುದಿಲ್ಲ.

ಈಗ ನೀನು ಆ ಕಡೆಯ ದಡ ಸೇರಿದ್ದೀಯ. ಇನ್ನು ಹೇಳಬಹುದು. ಮೂವತ್ತೆಂಟು ವರ್ಷ ಹೊತ್ತದ್ದು ಇಳಿಸಿಬಿಡುತ್ತೇನೆ.

ಯಾರಿಗೂ ಇರಲಿಲ್ಲ ಎಂದು ಸುಳ್ಳು ಬರೆದೆ. ಅಮ್ಮನಿಗೆ ಇತ್ತು. ನಿನ್ನದೇ ನೋವು, ಅದೇ ಬಲಗೆನ್ನೆ. ಅಪ್ಪ ಹೋದ ವರ್ಷವೇ ಶುರುವಾಯಿತು. ಆಗ ಈ ಮಾತ್ರೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ತಲೆಯಿಂದ ಗದ್ದದವರೆಗೆ ಬಟ್ಟೆ ಬಿಗಿದುಕೊಂಡು ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ಅಂಗಡಿಗೆ ಗುಂಡಿ ಹೊಲಿದುಕೊಡುವ ಕೆಲಸವೂ ನಿಂತುಹೋಯಿತು. ನಿನ್ನನ್ನು ಹತ್ತಿರ ಬಿಡುತ್ತಿರಲಿಲ್ಲ, ಅಮ್ಮನಿಗೆ ಜ್ವರ ಎಂದು ಹೇಳಿ ಪಕ್ಕದ ಮನೆಗೆ ಕಳಿಸುತ್ತಿದ್ದೆ. ಆ ಕೂಗು ಕೇಳಿದವಳು ನಾನೊಬ್ಬಳೇ. ನನಗೆ ಹದಿನಾರು.

ಹೃದಯ ನಿಂತು ಹೋದಳು ಎಂದು ನಿನಗೆ ಹೇಳಿದ್ದೆ. ಅದೂ ಅಲ್ಲ. ಡಾಕ್ಟರು ಕೊಟ್ಟಿದ್ದ ನಿದ್ದೆಯ ಔಷಧಿ ಕಪಾಟಿನ ಮೇಲಿತ್ತು. ‘ಸೀಸೆ ಕೈಗೆ ಕೊಟ್ಟು, ಮಗೂನ ಎಲ್ಲಾದ್ರೂ ದೂರ ಕರ್ಕೊಂಡು ಹೋಗೇ, ಸಂಜೆವರೆಗೂ ಬರ್ಬೇಡ’ ಅಂದಳು. ಕೊಟ್ಟೆ. ಕರೆದುಕೊಂಡು ಹೋದೆ.

ಕೆರೆಗೆ ಹೋದದ್ದು ಅವತ್ತು. ನೀನು ಮೂರನೇ ಸಲವೂ ದೋಣಿ ಬೇಕೆಂದೆ. ನನಗೂ ಬೇಕಾಗಿತ್ತು, ಸಂಜೆಗೆ ಇನ್ನೂ ಹೊತ್ತಿತ್ತು.

ನಿನಗೆ ಅಮ್ಮನ ಮುಖ ಬಂದಿದೆ, ಅದರ ಜೊತೆಗೆ ಇದೂ ಬಂತು. ಸುಡಿಸಿಕೋ ಎಂದು ನಾನು ಕಿರುಚಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ? ಬೈದದ್ದನ್ನೆಲ್ಲ ಮರೆತುಬಿಡು.

ನಿನ್ನ ಅಕ್ಕ


ಮೇ 20, 1986

ಅಕ್ಕ,

ನಾನು ಸುಡಿಸಿಕೊಂಡಿಲ್ಲ.

ಹೆಂಡತಿ ಮಾರ್ಚ್ ಹದಿನೈದಕ್ಕೇ ಗುಬ್ಬಿಯನ್ನು ಕರೆದುಕೊಂಡು ತವರಿಗೆ ಹೋದಳು. ಆಮೇಲೆ ನೀನು ಅವಳಿಗೆ ಬರೆದ ಎರಡೂ ಕಾಗದ ಒಡೆಯದೆ ಊಟದ ಮೇಜಿನ ಮೇಲಿವೆ. ನೀನೂ ಬರೆಯುವುದಿಲ್ಲ ಎಂದೆ. ಐವತ್ತು ದಿನ ಈ ಮನೆಯಲ್ಲಿ ಯಾರ ದನಿಯೂ ಇರಲಿಲ್ಲ. ನಿನ್ನ ಬೈಗುಳವಾದರೂ ಬರಲಿ ಎಂದು ಸುಳ್ಳು ಬರೆದೆ. ಆಪರೇಷನ್ನಿನ ವಿವರ ಎಲ್ಲ ನಿನ್ನ ಕಾಗದದಿಂದಲೇ ಎತ್ತಿದ್ದು. ಮೂವತ್ತನಾಲ್ಕು ವರ್ಷದ ಸರ್ವಿಸಿನವಳು, ಡಾಕ್ಟರ ಹೆಸರೂ ಕೇಳದೆ ನಂಬಿದೆ.

ನಿನ್ನ ಕಾಗದ ಬಂದದ್ದು ಚಹಾ ನೋಡುವ ಕೋಣೆಗೆ, ಮಧ್ಯಾಹ್ನದ ಸಾಲು ಶುರುವಾಗುವಾಗ. ಉದ್ದನೆಯ ಮೇಜು, ಅರವತ್ತು ಬಿಳಿ ಬಟ್ಟಲು. ಓದಿ ಮಡಿಚಿ ಜೇಬಿಗಿಟ್ಟು ಚಮಚ ಎತ್ತಿದೆ. ಮೊದಲನೆಯದರಲ್ಲಿ ಉಪ್ಪಿತ್ತು. ಎರಡನೆಯದರಲ್ಲೂ ಉಪ್ಪಿತ್ತು. ‘ಸಾರ್, ನೀರು ಸರಿಯಿಲ್ಲ’ ಅಂದೆ. ಯಜಮಾನರು ತಾವೇ ಕುಡಿದು ನೋಡಿ, ‘ನೀರು ಸರಿಯಾಗಿದೆ. ನೀನು ಮನೆಗೆ ಹೋಗು’ ಅಂದರು.

ನನ್ನ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ದಿನ. ನೀನು ಅದನ್ನು ಬಿಡಿಸಿ ತೋರಿಸಿದೆ, ಒಳಗೆ ಹೆಣ. ನಾನು ಐಸ್‌ಕ್ರೀಂ ಚೀಪುತ್ತಿದ್ದಾಗ ಅಮ್ಮ ಎಷ್ಟು ಹೊತ್ತು ತೆಗೆದುಕೊಂಡಳು? ದೋಣಿಯಲ್ಲಿ ನೀನು ನಗುತ್ತಿದ್ದೆ, ನನಗೆ ಚೆನ್ನಾಗಿ ನೆನಪಿದೆ. ಹೇಗೆ ನಕ್ಕೆ?

ಈಗ ನೋವು ಬಂದಾಗ ಕಪಾಟು ಕಾಣುತ್ತದೆ. ಮೊದಲು ಕಾಣುತ್ತಿರಲಿಲ್ಲ. ಮೊದಲು ಮುಂದಿನ ಬಟ್ಟಲು ಕಾಣುತ್ತಿತ್ತು. ಅಮ್ಮನಿಗೆ ಕೈಗೆ ತಂದುಕೊಟ್ಟೆಯಲ್ಲ, ನನಗೂ ತಂದುಕೊಡುತ್ತೀಯಾ? ಇಲ್ಲಿ ಕರೆದುಕೊಂಡು ಹೋಗಲು ಚಿಕ್ಕ ಮಕ್ಕಳು ಯಾರೂ ಇಲ್ಲ, ನಿನಗೆ ಕೆಲಸ ಕಡಿಮೆ.

ತಮ್ಮ


ಮೇ 24, 1986

ತಮ್ಮಾ, ಬರುತ್ತಿದ್ದೇನೆ. ಮಂಗಳವಾರ ಸಂಜೆ ತಲುಪುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬನೇ ಇರಬೇಡ, ನಿಮ್ಮ ಯಜಮಾನರ ಮನೆಗೆ ಹೋಗು. ಅವರಿಗೂ ತಂತಿ ಕೊಟ್ಟಿದ್ದೇನೆ. ನನ್ನಾಣೆ, ಹೋಗು.

ಅಕ್ಕ


ಆಗಸ್ಟ್ 30, 1986

ಪ್ರೀತಿಯ ತಮ್ಮನಿಗೆ,

ಸುಖವಾಗಿ ಬಂದು ತಲುಪಿದೆ. ಅರವತ್ತು ದಿನದ ರಜೆ, ಅದರ ಮೇಲೆ ಸಂಬಳವಿಲ್ಲದ ಒಂದು ತಿಂಗಳು ಕಳೆದು ನಿನ್ನೆ ಕೆಲಸಕ್ಕೆ ಹೋದೆ. ನನ್ನ ಜಾಗದಲ್ಲಿ ನಿಂತಿದ್ದ ಹುಡುಗಿ ಕತ್ತರಿಗಳನ್ನೆಲ್ಲ ಅದಲುಬದಲು ಮಾಡಿಟ್ಟಿದ್ದಾಳೆ.

ಅಷ್ಟು ದಿನವೂ ನೀನು ನನ್ನ ಜೊತೆ ಮಾತಾಡಲಿಲ್ಲ. ಯಜಮಾನರ ಜೊತೆ ಆಡಿದೆ, ಹಾಲಿನವನ ಜೊತೆ ಆಡಿದೆ. ನಾನು ತಟ್ಟೆ ಇಟ್ಟರೆ ಗೋಡೆಯ ಕಡೆ ತಿರುಗುತ್ತಿದ್ದೆ. ಡಾಕ್ಟರು ಆಪರೇಷನ್ನಿನ ಒಪ್ಪಿಗೆ ಕಾಗದ ತಂದಾಗ ನಾನೇ ನಿನ್ನ ಬೆರಳಿಗೆ ಪೆನ್ನು ಸಿಕ್ಕಿಸಿದೆ. ನೀನು ಓದದೆ ಸಹಿ ಹಾಕಿದೆ. ‘ನಿಮಗೆ ಇಷ್ಟ ಇದೆಯೇನ್ರೀ?’ ಎಂದು ಅವರು ಕೇಳಿದರು. ನೀನು ನನ್ನ ಕಡೆ ಬೆರಳು ತೋರಿಸಿದೆ. ನಾನು ‘ಇದೆ’ ಅಂದೆ.

ಆದರೂ ಹೊರಗೆ ಬಂದ ಮೇಲೆ ನಿನ್ನ ಮುಖಕ್ಕೆ ನಾನೇ ಫ್ಯಾನು ತಿರುಗಿಸಿದೆನಲ್ಲ, ನೀನು ಕಣ್ಣು ಮುಚ್ಚದೆ ಹಾಗೇ ಮಲಗಿದ್ದೆ. ನನಗೆ ಅಷ್ಟು ಸಾಕು. ಇನ್ನು ಮೇಲೆ ಏನು ಬೈದರೂ ಬೈ.

ಡಿಸೆಂಬರಿಗೆ ನನಗೆ ಐವತ್ತೈದು ತುಂಬುತ್ತದೆ, ನಿವೃತ್ತಿ. ಕ್ವಾರ್ಟರ್ಸ್ ಬಿಡಬೇಕು. ನಿನ್ನ ಮನೆಯ ಹಿಂದಿನ ಕೋಣೆ ಖಾಲಿಯಿದೆಯಲ್ಲ. ಅಡುಗೆ ಮಾಡಿಕೊಂಡು ಒಂದು ಮೂಲೆಯಲ್ಲಿ ಇರುತ್ತೇನೆ. ನಿನ್ನ ಹೆಂಡತಿಯ ತವರಿಗೆ ನಾನೇ ಹೋಗಿ, ಕಾಲು ಹಿಡಿದಾದರೂ ಕರೆತರುತ್ತೇನೆ. ಏನು ಹೇಳುತ್ತೀಯ?

ಅಕ್ಕ


ಅಕ್ಟೋಬರ್ 16, 1986

ಅಕ್ಕನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಅವಸರವಿರಲಿಲ್ಲ.

ನೋವಿಲ್ಲ. ಆಪರೇಷನ್ನಿನ ದಿನದಿಂದ ಒಂದು ಸಲವೂ ಬಂದಿಲ್ಲ. ನೀನು ಹೇಳಿದ್ದು ಸರಿಯಾಯಿತು. ಚಹಾ ನೋಡುವ ಕೋಣೆಯಿಂದ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದ್ದಾರೆ. ಪೆಟ್ಟಿಗೆಗೆ ಚೀಟಿ ಅಂಟಿಸುವವರನ್ನು ನೋಡಿಕೊಳ್ಳುವುದು ಈಗಿನ ಕೆಲಸ. ಸುಲಭದ ಕೆಲಸ. ಯಜಮಾನರು ಒಂದು ದಿನ ಹಳೆಯ ಸಲುಗೆಯಿಂದ ಬಟ್ಟಲು ಕೊಟ್ಟು ‘ಹೇಗಿದೆ ಹೇಳು’ ಅಂದರು. ‘ಬಿಸಿ ಇದೆ ಸಾರ್’ ಅಂದೆ. ಎಡಗಡೆಯಿಂದ ತಿಳಿದದ್ದು ಅಷ್ಟೇ. ಅವರು ಮತ್ತೆ ಕೊಟ್ಟಿಲ್ಲ.

ಗುಬ್ಬಿ ಒಂದು ಭಾನುವಾರ ಬಂದಿದ್ದಳು. ನಾನು ಪೇಪರ್ ಓದುತ್ತಿದ್ದೆ. ತಲೆ ಎತ್ತಿದಾಗ ಬಲಗಡೆ ನಿಂತು ನನ್ನನ್ನೇ ನೋಡುತ್ತಿದ್ದಳು. ‘ಅಪ್ಪ, ಮುತ್ತು ಕೊಟ್ಟೆ’ ಅಂದಳು. ‘ಹೌದಾ?’ ಅಂದೆ. ಬ್ಯಾಗು ತೆಗೆದುಕೊಂಡು ಅಜ್ಜಿಯ ಮನೆಗೆ ಹೊರಟುಹೋದಳು. ಬೇಸರವಾಗಬೇಕಿತ್ತು. ಆಗಲಿಲ್ಲ.

ಹಿಂದಿನ ಕೋಣೆ ಖಾಲಿಯೇ ಇದೆ. ನೀನು ಬರುವುದು ಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನಿನ್ನನ್ನು ನೋಡಿದರೆ ಕಷ್ಟವಾಗಬಹುದೇನೋ, ಆಗದೆಯೂ ಇರಬಹುದು. ಸುಮ್ಮನೆ ಯಾಕೆ ಪರೀಕ್ಷೆ ಮಾಡುವುದು? ತಪ್ಪಿಸಿಕೊಳ್ಳಬಹುದಾದ ನೋವನ್ನು ತಪ್ಪಿಸಿಕೊಳ್ಳಬೇಕು ಎಂದು ನೀನೇ ಅಲ್ಲವೇ ಹಟ ಹಿಡಿದು ಕಲಿಸಿದ್ದು? ನಿವೃತ್ತ ನರ್ಸುಗಳಿಗೆ ಹಾಸ್ಟೆಲುಗಳಿರುತ್ತವಂತೆ, ವಿಚಾರಿಸು.

ಕಾಗದ ಬರೆಯುವುದೂ ಬಿಡುವುದೂ ನಿನ್ನಿಷ್ಟ. ನನಗೆ ಈಗ ಯಾವುದೂ ತಾಗುವುದಿಲ್ಲ.

ತಮ್ಮ


ಅಕ್ಟೋಬರ್ 29, 1986

ತಮ್ಮನಿಗೆ,

ಕಾಗದ ತಲುಪಿತು. ಬರುವುದಿಲ್ಲ. ಇಲ್ಲೇ ಆಸ್ಪತ್ರೆಯ ಹಿಂದೆ ಒಂದು ಕೋಣೆ ನೋಡಿದ್ದೇನೆ, ನಲ್ಲಿ ಹೊರಗಿದೆ, ಬೆಳಕು ಪರವಾಗಿಲ್ಲ.

ಯಾವುದೂ ತಾಗುವುದಿಲ್ಲ ಎಂದು ಬರೆದಿದ್ದೀಯ. ಹಾಗಿದ್ದರೆ ಇದನ್ನೂ ಓದಿಬಿಡು. ನಿನಗೆ ತಾಗುವ ಕಾಲದಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಅಮ್ಮ ಸೀಸೆ ಕೇಳಿರಲಿಲ್ಲ.

ಅವತ್ತು ಬೆಳಿಗ್ಗೆ ಅವಳು ಸ್ವಲ್ಪ ಚೆನ್ನಾಗಿದ್ದಳು. ಹನ್ನೊಂದು ದಿನದ ಮೇಲೆ ಎದ್ದು ಗೋಡೆಗೆ ಒರಗಿ ಕೂತಿದ್ದಳು. ‘ತಲೆ ಬಾಚೇ’ ಅಂದಳು. ಬಾಚಿದೆ. ಸೆರಗು ಕಚ್ಚಿಕೊಂಡು ಕೂತಳು, ಸಾಕು ಅನ್ನಲಿಲ್ಲ. ಆಮೇಲೆ ‘ಕಿಟಕಿ ತೆಗಿ, ಬೀದಿ ನೋಡಿ ಎಷ್ಟು ದಿನ ಆಯ್ತು’ ಅಂದಳು. ‘ಗಾಳಿ ತಾಗತ್ತಮ್ಮಾ’ ಅಂದೆ. ‘ತಾಗ್ಲಿ ಬಿಡೇ’ ಅಂದಳು. ತೆಗೆದೆ. ಗಾಳಿ ಬಂತು. ಕೂಗಿದಳು. ಆ ಕೂಗನ್ನು ಬರೆಯುವುದಕ್ಕಾಗುವುದಿಲ್ಲ, ಬರೆಯುವುದೂ ಬೇಡ, ನಿನ್ನ ಗಂಟಲಿಂದಲೂ ಅದೇ ಬರುತ್ತಿತ್ತು. ಮುಚ್ಚಲು ಹೋದರೆ ಕೈ ಅಡ್ಡ ಹಿಡಿದಳು. ಬೀದಿಯಲ್ಲಿ ಯಾರೋ ಹೆಂಗಸು ಸೈಕಲ್ ಕಲಿಯುತ್ತ ಮತ್ತೆ ಮತ್ತೆ ಬೀಳುತ್ತಿದ್ದಳು. ಅಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದರ ನಡುವೆಯೇ ಅವಳನ್ನು ನೋಡಿ ನಗುತ್ತಿದ್ದಳು. ‘ನಾಳೆನೂ ತೆಗಿ’ ಅಂದಳು.

ಆ ನಾಳೆ ನನಗೆ ಬೇಡವಾಗಿತ್ತು. ಅವಳು ತಡೆದುಕೊಳ್ಳುತ್ತಿದ್ದಳು. ತಡೆದುಕೊಳ್ಳಲಾಗದೆ ಹೋದದ್ದು ನನಗೆ.

ಕಿಟಕಿ ಮುಚ್ಚಿದೆ. ಅಡುಗೆಮನೆಗೆ ಹೋಗಿ ಹಾಲು ಕಾಯಿಸಿದೆ. ಸೀಸೆಯಲ್ಲಿದ್ದದ್ದನ್ನು ಅದಕ್ಕೆ ಸುರಿದೆ. ಕಹಿ ತಿಳಿಯಬಾರದೆಂದು ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ಹಾಕಿ, ಕರಗುವವರೆಗೆ ತಿರುಗಿಸಿದೆ.

ಅಮ್ಮ ಎಡಗಡೆಯಿಂದ ಮೆಲ್ಲಗೆ ಒಂದು ಗುಟುಕು ಕುಡಿದಳು. ‘ಅಬ್ಬಾ, ಎಷ್ಟು ಸಿಹಿ ಮಾಡಿದೀಯೇ’ ಎಂದು ಕಣ್ಣರಳಿಸಿದಳು. ಲೋಟವನ್ನು ನನ್ನ ಕಡೆ ಚಾಚಿ, ‘ನೀನೂ ಒಂದು ಗುಟುಕು ಕುಡಿ, ಎಷ್ಟು ಇಳಿದುಹೋಗಿದೀಯ ನೋಡು’ ಅಂದಳು.

‘ನನ್ನದಾಯ್ತಮ್ಮಾ, ಹೊಟ್ಟೆ ತುಂಬಿದೆ’ ಅಂದೆ.

ಅವಳು ನಿಧಾನವಾಗಿ ಪೂರ್ತಿ ಕುಡಿದಳು.

ಅಕ್ಕ